ಒಂದು ನಿಮಿಷದ ಬಳಿಯ ಬೆಸುಗೆ

ಪ್ರಶ್ನೆ: ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡನ್ನು ಕಾಲೇಜು ದಿನಗಳಿಂದಲೂ ಕೇಳುತ್ತಿದ್ದೇನೆ. ಅದು ಒಂದೇ ಸಲ ಹಾಡಿದ್ದಲ್ಲ, ಬೇರೆ ಬೇರೆ ಶ್ರುತಿಯಲ್ಲಿ, ಬೇರೆ ಬೇರೆ ವೇಗದಲ್ಲಿ ಮುದ್ರಿಸಿದ ಎರಡು ಹಾಡುಗಳನ್ನು ಕತ್ತರಿಸಿ ಅಂಟಿಸಿದ್ದು ಎಂದು ಈಚೆಗೆ ಗೆಳೆಯರೊಬ್ಬರು ಹೇಳಿದರು. ಇದು ನಿಜವೇ? ನಿಜವಾದರೆ ಅಂಟಿಸಿದ ಜಾಗ ನನ್ನ ಕಿವಿಗೆ ಏಕೆ ಸಿಗುವುದಿಲ್ಲ? ಇನ್ನೊಂದು ಸಂದೇಹ: ಇಷ್ಟು ಹೆಸರಾದ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬರಲೇ ಇಲ್ಲವಂತೆ. ಅದು ಹೇಗೆ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಅಂಟಿಸಿದ ಜಾಗವನ್ನು ಮೊದಲು ತೋರಿಸಿಬಿಡುತ್ತೇನೆ, ಕಥೆ ಆಮೇಲೆ. ರಾತ್ರಿ ಸದ್ದಡಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಹಾಡು ಹಚ್ಚಿ. ಕೊಳಲಿನಂಥ ನಾದದಿಂದ ಆರಂಭ, ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ. ಈ ಎರಡನೆಯ ಪಲ್ಲವಿಯ ಮೊದಲ ಸಾಲಿನ ನಡುವೆ, ಗಡಿಯಾರ ಸರಿಯಾಗಿ ಒಂದು ನಿಮಿಷ ತೋರಿಸುವಾಗ ಕಿವಿಗೊಡಿ. ಅಲ್ಲಿಯವರೆಗೆ ಕೊಳಲು, ಗಿಟಾರ್, ಡ್ರಮ್ ಇದ್ದ ಸಾಧಾರಣ ಕೋಣೆಯೊಂದು ಇದ್ದಕ್ಕಿದ್ದಂತೆ ಬೇರೆ ಕೋಣೆಯಾಗುತ್ತದೆ. ಚೆಲ್ಲೋಗಳು (ಮಂದ್ರ ದನಿಯ ದೊಡ್ಡ ಪಿಟೀಲುಗಳು) ಕೆಳಗಿನಿಂದ ಎದ್ದು ಬರುತ್ತವೆ, ಡ್ರಮ್ಮಿನ ಪೆಟ್ಟು ದಪ್ಪವಾಗುತ್ತದೆ, ಜಾನ್ ಲೆನನ್‌ರ ಕಂಠ ಸ್ವಲ್ಪ ಮಬ್ಬಾಗಿ, ಭಾರವಾಗುತ್ತದೆ. ಅದೇ ಬೆಸುಗೆ. ಒಮ್ಮೆ ಕೇಳಿಸಿತೆಂದರೆ ಮುಂದೆ ಪ್ರತಿ ಸಲವೂ ಕೇಳಿಸುತ್ತದೆ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಕಂಪ್ಯೂಟರ್ ಬರುವ ಮುಂಚಿನ ಕೆಲವು ವರ್ಷ ನನ್ನ ಹೊಟ್ಟೆಪಾಡು ಟೇಪ್ ಕತ್ತರಿಸಿ ಅಂಟಿಸುವುದೇ ಆಗಿತ್ತು. ಒಂದು ಪದದ ಕೊನೆಯ ವ್ಯಂಜನ ಎಲ್ಲಿ ಮುಗಿಯುತ್ತದೆ ಎಂದು ಹುಡುಕಲು ಎರಡೂ ಸುರುಳಿಗಳನ್ನು ಕೈಯಲ್ಲಿ ಹಿಂದೆ ಮುಂದೆ ತೂಗುತ್ತಿದ್ದೆವು. ಯಂತ್ರದ ತಲೆಯ ಮೇಲೆ ಆ ಸದ್ದು ಗೊರಗೊರ ಎಂದು ಹಾಯುವ ಬಿಂದುವಿನಲ್ಲಿ ಹಳದಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಲೋಹದ ಅಚ್ಚಿನಲ್ಲಿ ಟೇಪನ್ನು ಮಲಗಿಸಿ, ಬ್ಲೇಡ್ ಎಳೆಯುತ್ತಿದ್ದೆವು. ಭಾಷಣಗಳನ್ನು ಹೀಗೆ ಕತ್ತರಿಸುವುದು ಸುಲಭ, ಉಸಿರಿಗೆ ಉಸಿರು ಸೇರಿಸಿದರೆ ಸಾಕು. ಸಂಗೀತ ಹಾಗಲ್ಲ. ಒಂದೇ ಗಾಯಕ, ಒಂದೇ ದಿನ, ಒಂದೇ ಶ್ರುತಿಯಲ್ಲಿ ಹಾಡಿದ ಎರಡು ಆವೃತ್ತಿಗಳನ್ನು ಸೇರಿಸುವಾಗಲೂ ಕೈ ನಡುಗುತ್ತದೆ. ಆದ್ದರಿಂದ 1966ರ ಡಿಸೆಂಬರ್ 22ರಂದು ಲಂಡನ್ನಿನ ಅಬೆ ರೋಡ್‌ನಲ್ಲಿರುವ ಇಎಂಐ ಸ್ಟುಡಿಯೋದಲ್ಲಿ ನಡೆದ ಕೆಲಸದ ಬಗ್ಗೆ ಬರೆಯುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಈಗ ಕಥೆಗೆ ಬರೋಣ.

1966 ಬೀಟಲ್ಸ್ ತಂಡಕ್ಕೆ ಸುಸ್ತಿನ ವರ್ಷ. ಜುಲೈನಲ್ಲಿ ಮನಿಲಾದಲ್ಲಿ ಆ ದೇಶದ ಅಧ್ಯಕ್ಷರ ಪತ್ನಿಯ ಔತಣಕ್ಕೆ ಹೋಗಲಿಲ್ಲವೆಂದು ಜನ ಮೇಲೆ ಬಿದ್ದಿದ್ದರು. ಅಮೆರಿಕದಲ್ಲಿ ಲೆನನ್ ಕ್ರೈಸ್ತ ಧರ್ಮದ ಕುರಿತು ಆಡಿದ ಒಂದು ಮಾತಿಗಾಗಿ ಅವರ ಹಾಡಿನ ಧ್ವನಿತಟ್ಟೆಗಳನ್ನು ಬೀದಿಯಲ್ಲಿ ಸುಟ್ಟಿದ್ದರು. ಕಛೇರಿಗಳಲ್ಲಿ ಅಭಿಮಾನಿಗಳ ಚೀರಾಟದ ನಡುವೆ ತಮ್ಮ ವಾದ್ಯ ತಮಗೇ ಕೇಳಿಸುತ್ತಿರಲಿಲ್ಲ. ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ್ದೇ ಕೊನೆ, ಟಿಕೆಟ್ ಇಟ್ಟು ಹಾಡುವ ಪ್ರವಾಸ ಅಲ್ಲಿಗೆ ಮುಗಿಯಿತು. ನಾಲ್ವರೂ ಮೊದಲ ಬಾರಿಗೆ ಬೇರೆ ಬೇರೆ ದಿಕ್ಕು ಹಿಡಿದರು. ಜಾರ್ಜ್ ಹ್ಯಾರಿಸನ್ ರವಿಶಂಕರರ ಬಳಿ ಸಿತಾರ್ ಕಲಿಯಲು ಭಾರತಕ್ಕೆ ಬಂದರು. ಪಾಲ್ ಮೆಕಾರ್ಟ್ನಿ ಒಂದು ಚಲನಚಿತ್ರಕ್ಕೆ ಸಂಗೀತ ಬರೆದರು. ಲೆನನ್ ಕೂದಲು ಕತ್ತರಿಸಿಕೊಂಡು, ದುಂಡನೆಯ ಕನ್ನಡಕ ಧರಿಸಿ, ರಿಚರ್ಡ್ ಲೆಸ್ಟರ್ ನಿರ್ದೇಶನದ ಯುದ್ಧದ ಚಿತ್ರವೊಂದರಲ್ಲಿ ನಟಿಸಲು ಹೊರಟರು. ಮುಂದೆ ಅವರ ಗುರುತೇ ಆದ ಆ ದುಂಡು ಕನ್ನಡಕ ಆ ಪಾತ್ರದ್ದು.

ಚಿತ್ರೀಕರಣ ಸ್ಪೇನ್ ದೇಶದ ಅಲ್ಮೇರಿಯಾದಲ್ಲಿ. ಸಿನಿಮಾ ಕೆಲಸದಲ್ಲಿ ಇದ್ದವರಿಗೆ ಗೊತ್ತು: ಹತ್ತು ನಿಮಿಷದ ನಟನೆಗೆ ನಾಲ್ಕು ಗಂಟೆ ಕಾಯಬೇಕು. ಬ್ಯಾಂಡಿಲ್ಲ, ಗೆಳೆಯರಿಲ್ಲ, ಕೈಯಲ್ಲಿ ಒಂದು ಗಿಟಾರ್. ಆ ಕಾಯುವ ಹೊತ್ತಿನಲ್ಲಿ ಹುಟ್ಟಿದ್ದು ಈ ಹಾಡು. ಬಿಸಿಲಿನ ಪರದೇಶದಲ್ಲಿ ಕುಳಿತ ಮನುಷ್ಯ ನೆನೆದದ್ದು ತನ್ನೂರಿನ ಮಳೆನೆಲದ ಒಂದು ತೋಟವನ್ನು.

ಲಿವರ್‌ಪೂಲಿನ ವೂಲ್ಟನ್ ಬಡಾವಣೆಯಲ್ಲಿ ಲೆನನ್ ಬೆಳೆದದ್ದು ಮಿಮಿ ಚಿಕ್ಕಮ್ಮನ—ಸರಿಯಾಗಿ ಹೇಳಬೇಕೆಂದರೆ ದೊಡ್ಡಮ್ಮನ, ಆಕೆ ತಾಯಿಯ ಅಕ್ಕ—ಮನೆಯಲ್ಲಿ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಸಾಲ್ವೇಶನ್ ಆರ್ಮಿ ಸಂಸ್ಥೆ ನಡೆಸುತ್ತಿದ್ದ ಮಕ್ಕಳ ಆಶ್ರಮವಿತ್ತು. ಅದರ ಹೆಸರು ಸ್ಟ್ರಾಬೆರಿ ಫೀಲ್ಡ್. ನಿಜವಾದ ಜಾಗ ಏಕವಚನ, ಹಾಡಿನಲ್ಲಿ ಬಹುವಚನವಾಯಿತು. ಬೇಸಿಗೆಯಲ್ಲಿ ಅಲ್ಲೊಂದು ತೋಟದ ಜಾತ್ರೆ ನಡೆಯುತ್ತಿತ್ತು. ಸಂಸ್ಥೆಯ ಬ್ಯಾಂಡ್ ನುಡಿಯುವುದು ಕೇಳಿಸಿದ ಕೂಡಲೇ ಬಾಲಕ ಜಾನ್ ತಡವಾಗುತ್ತದೆಂದು ಕುಣಿದಾಡಿ ಅವಸರಪಡಿಸುತ್ತಿದ್ದನೆಂದು ಮಿಮಿ ನೆನೆದಿದ್ದಾರೆ. ಉಳಿದ ದಿನಗಳಲ್ಲಿ ಆಶ್ರಮದ ಆವರಣದ ಮರಗಳ ನಡುವೆ ಗೆಳೆಯರೊಂದಿಗೆ ಆಟ. ತಂದೆ ದೂರವಾಗಿ, ತಾಯಿ ಬೇರೆ ಮನೆ ಮಾಡಿಕೊಂಡು, ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗ ಅನಾಥ ಮಕ್ಕಳ ತೋಟದಲ್ಲಿ ತನ್ನ ಜಾಗ ಕಂಡುಕೊಂಡ ಎಂಬುದನ್ನು ಮರೆತು ಈ ಹಾಡನ್ನು ಕೇಳಬಾರದು. ಇದನ್ನು ಬರಿಯ ಮಾದಕದ್ರವ್ಯದ ಅಮಲಿನ ಹಾಡು ಎಂದು ಪಕ್ಕಕ್ಕೆ ಸರಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಎಲ್‌ಎಸ್‌ಡಿ ಆ ಕಾಲದ ಅವರ ಬದುಕಿನಲ್ಲಿತ್ತು, ಅದರ ನೆರಳು ನಾದದಲ್ಲಿದೆ. ಆದರೆ ಮಾತಿನ ಒಳಗಿರುವುದು ತನ್ನನ್ನು ಯಾರೂ ಅರ್ಥಮಾಡಿಕೊಳ್ಳಲಾರರು ಎಂಬ ಒಬ್ಬ ಹುಡುಗನ ಹಳೆಯ ದಿಗಿಲು. ಮೊದಲ ಕರಡಿನಲ್ಲಿ ತನ್ನ ತರಂಗಾಂತರದಲ್ಲಿ ಯಾರೂ ಇಲ್ಲ ಎಂದು ಬರೆದಿದ್ದ ಲೆನನ್, ಆಮೇಲೆ ತರಂಗಾಂತರವನ್ನು ತೆಗೆದು ಮರ ಎಂದು ಮಾಡಿದರು. ಆ ಒಂದು ತಿದ್ದುಪಡಿಯಿಂದ ಹಾಡು ರೇಡಿಯೋದ ಭಾಷೆ ಬಿಟ್ಟು ಆಶ್ರಮದ ಆವರಣಕ್ಕೆ ಹೋಯಿತು. ಮಾತು ತಡವರಿಸುತ್ತದೆ, ಹೌದು ಎಂದು ಅಲ್ಲ ಎನ್ನುತ್ತದೆ, ಹೇಳಲು ಹೋಗಿ ಹಿಂದೆ ಸರಿಯುತ್ತದೆ. 1970ರ ಸಂದರ್ಶನದಲ್ಲಿ ಲೆನನ್ ತಾವು ಬರೆದ ಕೆಲವೇ ನಿಜವಾದ ಹಾಡುಗಳಲ್ಲಿ ಇದೂ ಒಂದು ಎಂದರು.

ನವೆಂಬರ್ 24ರಂದು ನಾಲ್ವರೂ ಮತ್ತೆ ಸ್ಟುಡಿಯೋದಲ್ಲಿ ಸೇರಿದಾಗ ಲೆನನ್ ಗಿಟಾರ್ ಹಿಡಿದು ಈ ಹಾಡನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಹಾಡಿ ತೋರಿಸಿದರು. ಮಾರ್ಟಿನ್ ಮರುಳಾದರು. ಅಂದು ಮುದ್ರಿಸಿದ ಟೇಕ್ 1, ಅಂದರೆ ಮೊದಲ ಸಲದ ಮುದ್ರಣ, ನಾವು ಕೇಳುವ ಹಾಡಿನಂತಿಲ್ಲ. ಅದು ಪಲ್ಲವಿಯಿಂದ ಆರಂಭವಾಗುವುದೇ ಇಲ್ಲ, ನೇರ ಚರಣಕ್ಕೆ ಹೋಗುತ್ತದೆ. ಮೆತ್ತಗೆ, ಬಹುತೇಕ ಲಾಲಿಯ ಹಾಗೆ.

ಮುಂದಿನ ವಾರ ಹಾಡಿನ ಕಟ್ಟಡ ಬದಲಾಯಿತು. ಪಲ್ಲವಿ ಮುಂದಕ್ಕೆ ಬಂತು. ಮೆಕಾರ್ಟ್ನಿ ಮೆಲೋಟ್ರಾನ್ ಎಂಬ, ಹಾರ್ಮೋನಿಯಂನಂತೆ ಮನೆಗಳಿರುವ ವಾದ್ಯದ ಮೇಲೆ ಆ ಪ್ರಸಿದ್ಧ ಆರಂಭವನ್ನು ನುಡಿಸಿದರು. ಕೇಳಲು ಕೊಳಲಿನಂತಿದ್ದರೂ ಆ ಗಳಿಗೆಯಲ್ಲಿ ಯಾರೂ ಕೊಳಲು ಊದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುತ್ತಿದ್ದ ಈ ವಾದ್ಯದಲ್ಲಿ ಪ್ರತಿ ಮನೆಯ ಕೆಳಗೂ ಒಂದು ಟೇಪಿನ ಪಟ್ಟಿ ಇರುತ್ತದೆ. ನಿಜವಾದ ಕೊಳಲಿನ ಒಂದೊಂದು ಸ್ವರವನ್ನು ಆ ಪಟ್ಟಿಯಲ್ಲಿ ಮೊದಲೇ ಮುದ್ರಿಸಿರುತ್ತಾರೆ. ಮನೆ ಒತ್ತಿದರೆ ಪಟ್ಟಿ ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಪಟ್ಟಿಗಳ ಓಟ ಎಂದೂ ಪೂರ್ತಿ ಸಮನಾಗಿರುವುದಿಲ್ಲ. ಆ ಸಣ್ಣ ಅಲುಗಾಟವೇ ಆರಂಭದ ನಾದಕ್ಕೆ ನೀರಿನೊಳಗಿನ ಬಿಂಬದ ಗುಣ ಕೊಟ್ಟಿದೆ. ನೆನಪಿನ ಕುರಿತ ಹಾಡು ಯಾರೋ ಎಂದೋ ಊದಿಟ್ಟ ಕೊಳಲಿನಿಂದ ಆರಂಭವಾಗುವುದು ನನಗೆ ಬಹಳ ಇಷ್ಟ.

ಇದು ನವೆಂಬರ್ ಕೊನೆಗೆ ಟೇಕ್ 7 ಎಂದು ಮುಗಿಯಿತು. ಇಲ್ಲಿ ಸಂಖ್ಯೆಗಳ ಬಗ್ಗೆ ಒಂದು ಮಾತು. ಆಗ ಇಎಂಐ ಯಂತ್ರಗಳಲ್ಲಿ ಇದ್ದದ್ದು ನಾಲ್ಕೇ ಪಥ (ಟ್ರ್ಯಾಕ್). ನಾಲ್ಕೂ ತುಂಬಿದರೆ ಎಲ್ಲವನ್ನೂ ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ, ಖಾಲಿಯಾದ ಪಥಗಳಲ್ಲಿ ಹೊಸದನ್ನು ಸೇರಿಸಬೇಕು. ಹೀಗೆ ಇಳಿಸಿದ ಪ್ರತಿಗೂ ಹೊಸ ಸಂಖ್ಯೆ. ಆದ್ದರಿಂದ ಟೇಕ್ 7 ಎಂದರೆ ಏಳನೆಯ ಸಲ ಹಾಡಿದ್ದು ಎಂದಲ್ಲ, ಆರನೆಯದರ ಇಳಿಸಿದ ರೂಪ.

ಎಲ್ಲರೂ ಹಾಡು ಮುಗಿಯಿತೆಂದುಕೊಂಡರು. ಲೆನನ್‌ಗೆ ಮಾತ್ರ ಸಮಾಧಾನವಿಲ್ಲ. ತಾವು ಮನಸ್ಸಿನಲ್ಲಿ ಕೇಳಿದ್ದು ಇದಲ್ಲ, ಇನ್ನೊಮ್ಮೆ ಮಾಡೋಣ, ಮಾರ್ಟಿನ್ ಅವರೇ ವಾದ್ಯಮೇಳ ಬರೆಯಲಿ ಎಂದರು. ಅದುವರೆಗೆ ಮುಗಿದ ಹಾಡನ್ನು ಪೂರ್ತಿ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಆರಂಭಿಸುವ ಪರಿಪಾಠ ಅವರಲ್ಲಿರಲಿಲ್ಲ. 1963ರ ಫೆಬ್ರವರಿ 11ರಂದು ಇದೇ ಸ್ಟುಡಿಯೋದಲ್ಲಿ ಇದೇ ನಾಲ್ವರು ಒಂದೇ ದಿನದಲ್ಲಿ ಹತ್ತು ಹಾಡು ಮುದ್ರಿಸಿ ಮೊದಲ ಆಲ್ಬಂ ಮುಗಿಸಿದ್ದರು. ಈಗ ಒಂದು ಹಾಡಿಗೆ ತಿಂಗಳು.

ಡಿಸೆಂಬರ್ 8ರಂದು ಹೊಸ ಆವೃತ್ತಿಯ ಲಯದ ಭಾಗ ಆರಂಭವಾಯಿತು. ಇದು ವೇಗದ್ದು, ಒರಟು, ಡ್ರಮ್ಮುಗಳ ಗದ್ದಲ ತುಂಬಿದ್ದು. ಅಂದು ಸಂಜೆ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಒಂದು ಚಿತ್ರದ ಪ್ರಥಮ ಪ್ರದರ್ಶನಕ್ಕೆ ಹೋಗಿದ್ದರಿಂದ ಆರಂಭದ ಹೊತ್ತು ಬೇರೆ ಸಿಬ್ಬಂದಿಯೇ ಮುದ್ರಣ ನಡೆಸಿದರು. ಟೇಕ್ 15ರ ಮುಂಭಾಗ, ಟೇಕ್ 24ರ ಕೊನೆಯ ಭಾಗ, ಎರಡನ್ನೂ ಸೇರಿಸಿ ಒಂದು ಮಾಡಿದರು. ಅಂದರೆ ನಿಮ್ಮ ಗೆಳೆಯರು ಹೇಳಿದ ಎರಡು ತುಂಡುಗಳಲ್ಲಿ ಎರಡನೆಯದು ತಾನೇ ಒಂದು ಜೋಡಣೆ. ಅದರ ಮೇಲೆ ತಿರುಗಾಮುರುಗಾ ಮುದ್ರಿಸಿದ ತಾಳದ ತಟ್ಟೆಗಳು ಬಂದವು. ಸಾಧಾರಣವಾಗಿ ತಾಳದ ಸದ್ದು ಫಳ್ಳೆಂದು ಹುಟ್ಟಿ ಮೆಲ್ಲಗೆ ಕರಗುತ್ತದೆ. ಟೇಪನ್ನು ಹಿಮ್ಮುಖವಾಗಿ ಓಡಿಸಿದರೆ ಎಲ್ಲಿಂದಲೋ ಉಸಿರೆಳೆದಂತೆ ಏರುತ್ತ ಬಂದು ತಟಕ್ಕನೆ ಕಡಿದುಹೋಗುತ್ತದೆ. ಚರಣಗಳ ಕೆಳಗೆ ಯಾರೋ ಗಾಳಿ ಹೀರುತ್ತಿರುವಂತೆ ಕೇಳಿಸುವುದು ಅದೇ.

ಡಿಸೆಂಬರ್ 9ರಂದು ಸೇರಿದ್ದು ನಮಗೆ ತೀರ ಪರಿಚಿತವಾದ ವಾದ್ಯ: ಸ್ವರಮಂಡಲ. ಹುಬ್ಬಳ್ಳಿ–ಧಾರವಾಡದ ಸಂಗೀತ ಸಭೆಗಳಲ್ಲಿ ಕುಳಿತವರಿಗೆ ಹೇಳಬೇಕಿಲ್ಲ, ಹಿಂದೂಸ್ತಾನಿ ಗಾಯಕರು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುವ ತಂತಿಯ ಪೆಟ್ಟಿಗೆ. ಭಾರತದಿಂದ ಮರಳಿದ್ದ ಹ್ಯಾರಿಸನ್ ಅದನ್ನು ನುಡಿಸಿದರು. ಪಲ್ಲವಿ ಮುಗಿದು ಚರಣಕ್ಕೆ ಇಳಿಯುವಾಗ, ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ, ತಂತಿಗಳ ಸಾಲು ಜಾರುಬಂಡೆಯಂತೆ ಕೆಳಗಿಳಿಯುತ್ತದೆ. ಬಹಳ ಜನ ಅದನ್ನು ಹಾರ್ಪ್ ಎಂದುಕೊಂಡಿದ್ದಾರೆ. ಅಲ್ಲ, ನಮ್ಮದೇ ಸ್ವರಮಂಡಲ. ಆದರೆ ನಾವು ಸಭೆಯಲ್ಲಿ ಕೇಳುವಷ್ಟು ಸಪೂರವಾಗಿಲ್ಲ, ಸ್ವಲ್ಪ ದಪ್ಪ ದನಿ. ಏಕೆಂಬುದು ಮುಂದೆ ತಿಳಿಯುತ್ತದೆ. ಡಿಸೆಂಬರ್ 15ರಂದು ಮಾರ್ಟಿನ್ ಬರೆದ ನಾಲ್ಕು ಟ್ರಂಪೆಟ್, ಮೂರು ಚೆಲ್ಲೋಗಳ ಮೇಳ ಸೇರಿತು. ಕಂಠವನ್ನೂ ಹೊಸದಾಗಿ ಮುದ್ರಿಸಿದರು. ಇದು ಟೇಕ್ 26.

ಈಗ ಲೆನನ್ ಮಾರ್ಟಿನ್ ಬಳಿ ಬಂದು, ಮೊದಲನೆಯದರ ಆರಂಭ ಇಷ್ಟ, ಎರಡನೆಯದರ ಕೊನೆ ಇಷ್ಟ, ಎರಡನ್ನೂ ಸೇರಿಸಿಬಿಡಬಾರದೇ ಎಂದರು. ಮಾರ್ಟಿನ್, ಎರಡು ತೊಡಕಿವೆ, ಶ್ರುತಿ ಬೇರೆ, ವೇಗ ಬೇರೆ ಎಂದರು. ನಿಮ್ಮಿಂದ ಆಗುತ್ತದೆ ಎಂದು ಹೇಳಿ ಲೆನನ್ ಹೊರಟರು. ಮಾರ್ಟಿನ್ ಈ ಪ್ರಸಂಗವನ್ನು ಜೀವನಪರ್ಯಂತ ಹೇಳುತ್ತಿದ್ದರು.

ಇಂದು ಶ್ರುತಿಯನ್ನು ಮುಟ್ಟದೆ ವೇಗವನ್ನೂ, ವೇಗವನ್ನು ಮುಟ್ಟದೆ ಶ್ರುತಿಯನ್ನೂ ಮೊಬೈಲಿನಲ್ಲೇ ಬದಲಿಸಬಹುದು. ಟೇಪಿನಲ್ಲಿ ಇವೆರಡೂ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳು. ಟೇಪ್ ರೆಕಾರ್ಡರಿನ ಸೆಲ್ ಮುಗಿಯುತ್ತ ಬಂದಾಗ ಗಾಯಕಿಯ ದನಿ ಗಂಡಸಿನ ದನಿಯಾಗುತ್ತಿದ್ದದ್ದು ನಿಮಗೆ ನೆನಪಿರಬಹುದು. ಓಟ ನಿಧಾನವಾದಷ್ಟೂ ಶ್ರುತಿ ಇಳಿಯುತ್ತದೆ, ಚುರುಕಾದಷ್ಟೂ ಏರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಓಟ ನೂರಕ್ಕೆ ಸುಮಾರು ಆರರಷ್ಟು ಬದಲಾದರೆ ಶ್ರುತಿ ಒಂದು ಸ್ವರಸ್ಥಾನ ಸರಿಯುತ್ತದೆ.

ಅದೃಷ್ಟ ಇಲ್ಲಿತ್ತು. ವೇಗವಾಗಿದ್ದ ಟೇಕ್ 26ರ ಶ್ರುತಿಯೇ ಮೇಲಿತ್ತು, ನಿಧಾನವಾಗಿದ್ದ ಟೇಕ್ 7ರದು ಕೆಳಗಿತ್ತು. ವೇಗದ್ದನ್ನು ನಿಧಾನಗೊಳಿಸಿದರೆ ಅದರ ಶ್ರುತಿಯೂ ಇಳಿದು ಇನ್ನೊಂದರ ಹತ್ತಿರ ಬರುತ್ತದೆ. ನಿಧಾನದ್ದನ್ನು ತುಸು ಚುರುಕುಗೊಳಿಸಿದರೆ ಅದೂ ಏರಿ ಎದುರುಗೊಳ್ಳುತ್ತದೆ. ಒಂದು ವೇಳೆ ವೇಗದ ಆವೃತ್ತಿಯೇ ಕೆಳಗಿನ ಶ್ರುತಿಯಲ್ಲಿದ್ದಿದ್ದರೆ, ಶ್ರುತಿ ಕೂಡಿಸಲು ಹೋದಷ್ಟೂ ಲಯ ದೂರವಾಗುತ್ತಿತ್ತು. ಆಗ ಯಾವ ಎಂಜಿನಿಯರ್ ಕೈಯಲ್ಲೂ ಆಗುತ್ತಿರಲಿಲ್ಲ. ದೇವರ ದಯೆ ಮತ್ತು ಸ್ವಲ್ಪ ಅದೃಷ್ಟ ಎಂದು ಮಾರ್ಟಿನ್ ಹೇಳುತ್ತಿದ್ದುದು ಇದನ್ನೇ. ಆದರೂ ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು, ಎಲ್ಲಿ ಕತ್ತರಿಸಬೇಕು ಎಂದು ಕಂಡುಕೊಂಡದ್ದು ಅದೃಷ್ಟವಲ್ಲ, ಕಿವಿ. ಎಮೆರಿಕ್‌ಗೆ ಆಗಷ್ಟೇ ಇಪ್ಪತ್ತೊಂದು ತುಂಬಿತ್ತು ಎಂಬುದನ್ನು ಯೋಚಿಸಿದಾಗಲೆಲ್ಲ ನನಗೆ ಬೆರಗು.

ಕತ್ತರಿಸುವ ಕೋನವನ್ನೂ ಹೇಳಬೇಕು. ಸ್ಟುಡಿಯೋ ಟೇಪ್ ಸೆಕೆಂಡಿಗೆ ಹದಿನೈದು ಇಂಚು ಓಡುತ್ತದೆ. ಕಾಲು ಇಂಚು ಅಗಲದ ಟೇಪನ್ನು ಎಂದಿನಂತೆ ನಲವತ್ತೈದು ಡಿಗ್ರಿ ಓರೆಯಲ್ಲಿ ಕತ್ತರಿಸಿದರೆ, ಒಂದರಿಂದ ಇನ್ನೊಂದಕ್ಕೆ ದಾಟಲು ಸೆಕೆಂಡಿನ ಅರವತ್ತನೆಯ ಒಂದು ಭಾಗ ಹಿಡಿಯುತ್ತದೆ. ಮಾತಿಗೆ ಅದು ಧಾರಾಳ ಸಾಕು. ಆದರೆ ಇಲ್ಲಿ ಹಿಂದಿನದರಲ್ಲಿ ಚೆಲ್ಲೋ ಇಲ್ಲ, ಮುಂದಿನದರಲ್ಲಿ ಇದೆ. ಅಷ್ಟು ಬೇಗ ದಾಟಿದರೆ ಕಿವಿ ಎಡವುತ್ತದೆ. ಆದ್ದರಿಂದ ಎಮೆರಿಕ್ ಬ್ಲೇಡನ್ನು ಬಹಳ ಓರೆಯಾಗಿ, ಉದ್ದಕ್ಕೆ ಎಳೆದರು. ಒಂದು ನಾದ ಸವೆಯುತ್ತಿರುವಾಗಲೇ ಇನ್ನೊಂದು ಬೆಳೆಯುವಂತಾಯಿತು. ಸೀರೆಗೆ ತೇಪೆ ಹಾಕುವವರು ಅಂಚನ್ನು ನೇರ ಹೊಲಿಯದೆ ನೂಲಿಗೆ ನೂಲು ಸೇರಿಸುವ ಹಾಗೆ.

ನಿಮ್ಮ ಕಿವಿಗೆ ಸಿಗದಿರುವುದಕ್ಕೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಿಧಾನಗೊಳಿಸಿದ್ದರಿಂದ ಟೇಕ್ 26ರಲ್ಲಿದ್ದ ಎಲ್ಲವೂ ದಪ್ಪವಾಯಿತು: ಟ್ರಂಪೆಟ್, ಡ್ರಮ್, ನಾನು ಮೇಲೆ ಹೇಳಿದ ಸ್ವರಮಂಡಲ, ಎಲ್ಲಕ್ಕಿಂತ ಹೆಚ್ಚಾಗಿ ಲೆನನ್‌ರ ಕಂಠ. ಹಾಡಿದಾಗ ಅವರ ಗಂಟಲಿನಲ್ಲಿ ಇಲ್ಲದಿದ್ದ ಒಂದು ನಿದ್ದೆಗಣ್ಣಿನ ಭಾರ ಸೇರಿಕೊಂಡಿತು. ಹಾಡು ಕರೆದುಕೊಂಡು ಹೋಗುತ್ತೇನೆ ಎನ್ನುತ್ತದೆ, ಆ ಮಾತಿನ ನಡುವೆಯೇ ಕೇಳುಗನನ್ನು ನಿಜವಾಗಿ ಬೇರೆ ಜಾಗಕ್ಕೆ ದಾಟಿಸಲಾಗಿದೆ. ಕೇಳುವವನು ಆ ಬದಲಾವಣೆಯನ್ನು ದೋಷವೆಂದು ಎಣಿಸುವುದಿಲ್ಲ, ಮಾತು ನಿಜವಾಯಿತೆಂದು ಒಪ್ಪಿಕೊಳ್ಳುತ್ತಾನೆ. ಬೇರೆ ಯಾವ ಹಾಡಿನಲ್ಲಾದರೂ ಇದೇ ಬೆಸುಗೆ ಹಾಕಿದ್ದರೆ ಒಡಕು ಕಾಣುತ್ತಿತ್ತೆಂದು ನನ್ನ ನಂಬಿಕೆ.

ಹಾಡಿನ ಕೊನೆಯಲ್ಲಿ ಸದ್ದು ಕರಗಿ ಮತ್ತೆ ಬರುತ್ತದಲ್ಲ, ಅದರ ಹಿಂದೆಯೂ ಇಂಥದೇ ಕೈಕೆಲಸವಿದೆ. ಕೊನೆಯ ಡ್ರಮ್ಮುಗಳ ಓಟದಲ್ಲಿ ಒಂದೆಡೆ ತಾಳ ಕೆಟ್ಟಿತ್ತು. ಮುಂದಿನ ಭಾಗ ಚೆನ್ನಾಗಿತ್ತು, ಬಿಡಲು ಮನಸ್ಸಿಲ್ಲ. ಆದ್ದರಿಂದ ಕೆಟ್ಟ ಜಾಗದಲ್ಲಿ ಸದ್ದನ್ನು ಇಳಿಸಿ, ದಾಟಿದ ಮೇಲೆ ಏರಿಸಿದರು. ಆ ಗದ್ದಲದಲ್ಲಿ ಲೆನನ್ ‘ಕ್ರ್ಯಾನ್‌ಬೆರಿ ಸಾಸ್’ ಎಂದು ಗೊಣಗಿದ್ದು 1969ರಲ್ಲಿ ಕೆಲವರಿಗೆ ಪಾಲ್‌ನನ್ನು ಹೂತೆ ಎಂಬಂತೆ ಕೇಳಿಸಿ, ಮೆಕಾರ್ಟ್ನಿ ಸತ್ತುಹೋಗಿದ್ದಾರೆ ಎಂಬ ವದಂತಿಗೆ ಸಾಕ್ಷಿಯಾಯಿತು. ಇದಕ್ಕಿಂತ ಹೆಚ್ಚು ಆ ವದಂತಿಗೆ ಜಾಗ ಕೊಡಲು ನನಗೆ ಇಷ್ಟವಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ.

ಈ ಹಾಡನ್ನು ಮೊದಲು ಮಾಡಿದ್ದು ಮುಂದಿನ ಆಲ್ಬಮ್ಮಿಗೆಂದು. ಆದರೆ 1966ರ ಆಗಸ್ಟ್ ನಂತರ ಬೀಟಲ್ಸ್ ಹೊಸ ಹಾಡು ಕೊಟ್ಟಿರಲಿಲ್ಲ. ಆ ಕಾಲಕ್ಕೆ ಆರು ತಿಂಗಳೆಂದರೆ ಒಂದು ಯುಗ. ತಂಡ ಒಡೆಯಿತೆಂದು ಪತ್ರಿಕೆಗಳು ಬರೆಯತೊಡಗಿದವು. ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೈನ್ ಒಂದು ಸಿಂಗಲ್, ಅಂದರೆ ಬದಿಗೊಂದು ಹಾಡಿರುವ ಸಣ್ಣ ತಟ್ಟೆ, ಬೇಕೇ ಬೇಕೆಂದರು. ಮಾರ್ಟಿನ್ ಕೈಯಲ್ಲಿದ್ದ ಅತ್ಯುತ್ತಮವನ್ನೇ ಕೊಟ್ಟರು: ಒಂದು ಬದಿಗೆ ಇದು, ಇನ್ನೊಂದು ಬದಿಗೆ ಮೆಕಾರ್ಟ್ನಿಯ ‘ಪೆನ್ನಿ ಲೇನ್’.

‘ಪೆನ್ನಿ ಲೇನ್’ ಕೂಡ ಲಿವರ್‌ಪೂಲಿನದೇ. ಬಸ್ಸುಗಳು ಬಂದು ನಿಲ್ಲುವ ವೃತ್ತ, ಕ್ಷೌರದಂಗಡಿ, ಬ್ಯಾಂಕು. ಲೆನನ್ ತೋಟದ ಒಳಗೆ ಮರೆಯಾದರೆ ಮೆಕಾರ್ಟ್ನಿ ರಸ್ತೆಯಲ್ಲಿ ನಿಂತು ಎಲ್ಲರನ್ನೂ ಮಾತನಾಡಿಸುತ್ತಾರೆ. ಅದರ ಮೇಲೆ ಹಾರುವ ಪುಟ್ಟ ಟ್ರಂಪೆಟ್ಟಿನ ಕಥೆಯೂ ಸೊಗಸು. ಟಿವಿಯಲ್ಲಿ ಡೇವಿಡ್ ಮೇಸನ್ ಎಂಬ ಕಲಾವಿದರು ಬಾಖ್‌ನ ಬ್ರಾಂಡನ್‌ಬರ್ಗ್ ಕೃತಿಯೊಂದನ್ನು ನುಡಿಸುವುದನ್ನು ಮೆಕಾರ್ಟ್ನಿ ಕಂಡರು. ಕೆಲವೇ ದಿನಗಳಲ್ಲಿ, 1967ರ ಜನವರಿ 17ರಂದು, ಮೇಸನ್ ಸ್ಟುಡಿಯೋದಲ್ಲಿದ್ದರು. ಮೆಕಾರ್ಟ್ನಿ ಬಾಯಲ್ಲಿ ಹಾಡಿ ತೋರಿಸಿದ್ದನ್ನು ಮಾರ್ಟಿನ್ ಸ್ವರಲಿಪಿಯಲ್ಲಿ ಬರೆದುಕೊಟ್ಟರು, ಮೇಸನ್ ನುಡಿಸಿದರು. ಸಿಕ್ಕ ಸಂಭಾವನೆ 27 ಪೌಂಡ್ 10 ಶಿಲಿಂಗ್.

ಸಿಂಗಲ್ ಅಮೆರಿಕದಲ್ಲಿ ಫೆಬ್ರವರಿ 13ಕ್ಕೆ, ಬ್ರಿಟನ್ನಿನಲ್ಲಿ 17ಕ್ಕೆ ಹೊರಬಂತು. ಎರಡೂ ಬದಿಗೆ ಸಮಾನ ಸ್ಥಾನ. ಬ್ರಿಟನ್ನಿನಲ್ಲಿ ಚಿತ್ರವಿರುವ ಲಕೋಟೆಯೊಂದಿಗೆ ಬಂದ ಅವರ ಮೊದಲ ಸಿಂಗಲ್ ಇದು, ಹಿಂಬದಿಯಲ್ಲಿ ನಾಲ್ವರ ಬಾಲ್ಯದ ಭಾವಚಿತ್ರಗಳು. ಬಾಯಾಡಿಸಿ ಹಾಡುವಂತೆ ನಟಿಸುವುದನ್ನು ಸಂಗೀತಗಾರರ ಸಂಘ ಟಿವಿಯಲ್ಲಿ ನಿಷೇಧಿಸಿದ್ದರಿಂದ, ಪೀಟರ್ ಗೋಲ್ಡ್‌ಮನ್ ಎಂಬ ಸ್ವೀಡನ್ನಿನ ನಿರ್ದೇಶಕರು ಸೆವೆನೋಕ್ಸ್‌ನ ನೋಲ್ ಪಾರ್ಕಿನಲ್ಲಿ ಬೇರೆ ಬಗೆಯ ಕಿರುಚಿತ್ರ ತೆಗೆದರು. ಒಣಮರಕ್ಕೆ ತಂತಿಗಳಿಂದ ಬಿಗಿದ ಪಿಯಾನೋ, ಹಿಮ್ಮುಖವಾಗಿ ಓಡುವ ದೃಶ್ಯದಲ್ಲಿ ನೆಲದಿಂದ ಮರಕ್ಕೆ ಹಾರುವ ಪಾಲ್, ಎಲ್ಲರ ಮುಖದಲ್ಲೂ ಮೀಸೆ. ಯಾರೂ ಹಾಡುತ್ತಿಲ್ಲ, ನುಡಿಸುತ್ತಿಲ್ಲ.

ಮಾರ್ಚ್ 11ರಂದು ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ನಿರೂಪಕ ಡಿಕ್ ಕ್ಲಾರ್ಕ್ ಈ ಚಿತ್ರ ತೋರಿಸಿ ಹದಿಹರೆಯದವರ ಅಭಿಪ್ರಾಯ ಕೇಳಿದರು. ಬಹಳ ಮಕ್ಕಳಿಗೆ ಗೊಂದಲ. ಕೆಲವರು ಮೀಸೆಯನ್ನೇ ಒಪ್ಪಲಿಲ್ಲ, ಯಾರದೋ ಅಜ್ಜನಂತೆ ಕಾಣುತ್ತಾರೆ ಎಂದರು. ಎರಡು ವರ್ಷದ ಹಿಂದೆ ಇದೇ ನಾಲ್ವರು ಒಂದೇ ಬಗೆಯ ಕೋಟು ತೊಟ್ಟು ತಲೆ ಅಲ್ಲಾಡಿಸಿದರೆ ಮೂರ್ಛೆ ಹೋಗುತ್ತಿದ್ದ ಮಕ್ಕಳು ಇವರು. ಅವರನ್ನು ದೂರುವುದು ಸರಿಯಲ್ಲ. ತಮಗೆ ತಿಳಿದ ಸ್ನೇಹಿತ ಏಕಾಏಕಿ ಬೇರೆ ದನಿಯಲ್ಲಿ ಮಾತನಾಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ.

ಬ್ರಿಟನ್ನಿನಲ್ಲಿ 1963ರ ‘ಫ್ರಮ್ ಮಿ ಟು ಯು’ದಿಂದ ಆರಂಭಿಸಿ ಅವರ ಸತತ ಹನ್ನೊಂದು ಸಿಂಗಲ್‌ಗಳು ಮೊದಲ ಸ್ಥಾನ ಮುಟ್ಟಿದ್ದವು. ಹನ್ನೆರಡನೆಯದು ಎರಡರಲ್ಲಿ ನಿಂತಿತು. ತಡೆದದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. ಈ ಗಾಯಕ ಹುಟ್ಟಿದ್ದು 1936ರಲ್ಲಿ ನಮ್ಮ ಪಕ್ಕದ ಮದ್ರಾಸಿನಲ್ಲಿ, ನಿಜನಾಮ ಆರ್ನಲ್ಡ್ ಜಾರ್ಜ್ ಡಾರ್ಸಿ. ಹಾಡು ಹಳೆಯ ಅಮೆರಿಕನ್ ಹಳ್ಳಿಹಾಡಿನ ಧಾಟಿಯದು. ಲಂಡನ್ನಿನ ಜನಪ್ರಿಯ ಟಿವಿ ಕಾರ್ಯಕ್ರಮವೊಂದರಲ್ಲಿ ಬರಬೇಕಿದ್ದ ಗಾಯಕ ಕಾಯಿಲೆ ಬಿದ್ದುದರಿಂದ ಹಂಪರ್‌ಡಿಂಕ್‌ಗೆ ಅವಕಾಶ ಸಿಕ್ಕಿ, ಹಾಡು ಹೊತ್ತಿಕೊಂಡಿತು. ಮಾರ್ಚ್ ಆರಂಭದಿಂದ ಆರು ವಾರ ಮೇಲಿತ್ತು. ಪಟ್ಟಿಯಲ್ಲಿ ಒಟ್ಟು ಉಳಿದದ್ದು ಸತತ 56 ವಾರ.

ಇದನ್ನು ಅವಮಾನವೆಂದು ಬರೆಯುವವರಿದ್ದಾರೆ. ಹಾಗೆ ನೋಡುವ ಮೊದಲು ಆ ವಸಂತದ ಪಟ್ಟಿಯನ್ನು ನೋಡಬೇಕು. ‘ರಿಲೀಸ್ ಮಿ’ಗಿಂತ ಮುಂಚೆ ಮೇಲಿದ್ದದ್ದು ಪೆಟುಲಾ ಕ್ಲಾರ್ಕ್ ಹಾಡಿದ, ಚಾರ್ಲಿ ಚಾಪ್ಲಿನ್ ಬರೆದ ಮೆಲುಗೀತೆ. ಆಮೇಲೆ ಬಂದದ್ದು ಫ್ರಾಂಕ್ ಸಿನಾತ್ರಾ ಮತ್ತು ಮಗಳು ನ್ಯಾನ್ಸಿಯ ಯುಗಳಗೀತೆ. ಆ ತಿಂಗಳುಗಳಲ್ಲಿ ತಟ್ಟೆ ಕೊಳ್ಳಲು ಅಂಗಡಿಗೆ ಬಂದವರು ಅಪ್ಪ ಅಮ್ಮಂದಿರು. ವರ್ಷಕ್ಕೆ ಒಂದೆರಡು ತಟ್ಟೆ ಕೊಳ್ಳುವ ಮಂದಿ ಒಂದು ಹಾಡಿಗಾಗಿ ಒಟ್ಟಿಗೆ ಬಂದರೆ ಅದನ್ನು ಯಾವ ಅಭಿಮಾನಿ ಬಳಗವೂ ಮೀರಿಸಲಾರದು. ಜೊತೆಗೆ ಆಗ ಬ್ರಿಟನ್ನಿನಲ್ಲಿ ಒಂದೇ ಅಧಿಕೃತ ಪಟ್ಟಿ ಇರಲಿಲ್ಲ. ಪತ್ರಿಕೆಗೊಂದು ಪಟ್ಟಿ. ನಾವು ಇಂದು ಇತಿಹಾಸವೆಂದು ಓದುವುದು ‘ರೆಕಾರ್ಡ್ ರೀಟೇಲರ್’ ಪತ್ರಿಕೆಯದು. ‘ಮೆಲೊಡಿ ಮೇಕರ್’ ಪಟ್ಟಿಯಲ್ಲಿ ಇದೇ ಸಿಂಗಲ್ ಮೊದಲ ಸ್ಥಾನಕ್ಕೆ ಬಂದಿತ್ತು. ಅಮೆರಿಕದ ಬಿಲ್‌ಬೋರ್ಡ್ ಎರಡು ಬದಿಗಳನ್ನೂ ಪ್ರತ್ಯೇಕ ಎಣಿಸುತ್ತಿತ್ತು: ಮಾರ್ಚ್ 18ರ ವಾರ ‘ಪೆನ್ನಿ ಲೇನ್’ ಒಂದನೆಯದಾಯಿತು, ‘ಸ್ಟ್ರಾಬೆರಿ ಫೀಲ್ಡ್ಸ್’ ಎಂಟಕ್ಕೆ ನಿಂತಿತು. ಕಷ್ಟದ ಹಾಡು ಎಂಟನೆಯ ಸ್ಥಾನ ಮುಟ್ಟಿದ್ದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮಾರ್ಟಿನ್ ಮಾತ್ರ ತಪ್ಪನ್ನು ತಮ್ಮ ಮೇಲೇ ಹೊತ್ತುಕೊಂಡರು. ಎರಡು ಉತ್ತಮ ಹಾಡುಗಳನ್ನು ಒಂದೇ ತಟ್ಟೆಯಲ್ಲಿ ಸ್ಪರ್ಧೆಗೆ ಬಿಟ್ಟದ್ದು ತಪ್ಪು, ಸಿಂಗಲ್ ಆಗಿ ಬಂದದ್ದನ್ನು ಆಲ್ಬಮ್ಮಿನಲ್ಲಿ ಮತ್ತೆ ಮಾರಬಾರದೆಂಬ ನಿಯಮಕ್ಕೆ ಕಟ್ಟುಬಿದ್ದು ಜೂನ್ 1ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನಿಂದ ಎರಡನ್ನೂ ಹೊರಗಿಟ್ಟದ್ದು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪು ಎಂದು ಬರೆದರು. ಅವರೊಂದಿಗೆ ವಾದಿಸುವ ಯೋಗ್ಯತೆ ನನ್ನದಲ್ಲ, ಆದರೂ ಒಪ್ಪಲಾರೆ. ಆ ಎರಡು ಹಾಡುಗಳು ಒಂದೇ ತಟ್ಟೆಯ ಎರಡು ಬದಿಯಾಗಿದ್ದರಿಂದಲೇ ಒಂದು ಊರು ಒಳಗಿನಿಂದಲೂ ಹೊರಗಿನಿಂದಲೂ ಕಂಡಿತು. ಒಂದನ್ನು ಕೇಳಿ ತಟ್ಟೆ ತಿರುಗಿಸಿ ಹಾಕಿದವರಿಗೆ ಸಿಕ್ಕ ಸುಖ ಆಲ್ಬಮ್ಮಿನಲ್ಲಿ ಹತ್ತರೊಡನೆ ಹನ್ನೊಂದಾಗಿದ್ದರೆ ಸಿಗುತ್ತಿರಲಿಲ್ಲ.

ಆಶ್ರಮ 2005ರಲ್ಲಿ ಮುಚ್ಚಿತು. 2019ರಲ್ಲಿ ಸಾಲ್ವೇಶನ್ ಆರ್ಮಿಯೇ ಆ ಜಾಗವನ್ನು ಸಾರ್ವಜನಿಕರಿಗೆ ತೆರೆಯಿತು. ಹಾಡಿನ ಮಾನ ಕಾಲ ಕಳೆದಷ್ಟೂ ಏರಿದೆ: ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಐನೂರು ಹಾಡುಗಳ ಪಟ್ಟಿಯಲ್ಲಿ 2004ರಲ್ಲಿ 76ರಲ್ಲಿದ್ದದ್ದು 2021ರಲ್ಲಿ 7ಕ್ಕೆ ಬಂತು. ಲೆನನ್‌ಗೆ ಮಾತ್ರ ಕೊನೆಯವರೆಗೂ ತೃಪ್ತಿಯಾಗಲಿಲ್ಲ. ತಮ್ಮ ಎಲ್ಲ ಹಾಡುಗಳನ್ನೂ ಮತ್ತೆ ಮುದ್ರಿಸಬೇಕೆಂದು ಅವರು ಮಾರ್ಟಿನ್ ಬಳಿ ಹೇಳಿದಾಗ, ‘ಸ್ಟ್ರಾಬೆರಿ ಫೀಲ್ಡ್ಸ್’ ಕೂಡವೇ ಎಂದು ಮಾರ್ಟಿನ್ ಕೇಳಿದರಂತೆ. ಅದನ್ನಂತೂ ಖಂಡಿತ ಎಂದು ಉತ್ತರ ಬಂತು.

ಕೊನೆಗೆ ನಿಮಗೊಂದು ಕೆಲಸ. 2017ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ನ ಐವತ್ತನೆಯ ವರ್ಷಕ್ಕೆ ಬಂದ ವಿಸ್ತೃತ ಆವೃತ್ತಿಯಲ್ಲಿ ಟೇಕ್ 7 ಮತ್ತು ಟೇಕ್ 26 ಎರಡೂ ಪೂರ್ತಿಯಾಗಿ ಇವೆ. ಮೊದಲು ಟೇಕ್ 26 ಕೇಳಿ. ಸ್ವರಮಂಡಲ ತನ್ನ ನಿಜವಾದ ಸಪೂರ ದನಿಯಲ್ಲಿ ನುಡಿಯುತ್ತದೆ, ಲೆನನ್ ಅವಸರದ ಹುಡುಗನಂತೆ ಕೇಳಿಸುತ್ತಾರೆ. ಆಮೇಲೆ ಟೇಕ್ 7 ಹಚ್ಚಿ, ಎರಡನೆಯ ಪಲ್ಲವಿಯವರೆಗೆ ಬನ್ನಿ. ಚೆಲ್ಲೋಗಳು ಬರುವುದಿಲ್ಲ. ಹಾಡು ಅದೇ ಸಣ್ಣ ಕೋಣೆಯಲ್ಲಿ, ಅದೇ ಮೆತ್ತನೆಯ ಕೊಳಲಿನೊಂದಿಗೆ ಮುಂದುವರಿಯುತ್ತದೆ, ನಿಮ್ಮ ಕಿವಿ ಮಾತ್ರ ಕೆಳಗಿನಿಂದ ಏಳಬೇಕಾದ ಆ ನಾದಕ್ಕಾಗಿ ಕಾಯುತ್ತ ನಿಲ್ಲುತ್ತದೆ.